ಬರ್ತೀನಿ ಅಂದಿದ್ದಳು

ಮಾರ್ಚ್ 3, ಸೋಮವಾರ

ಮತ್ತೆ ಹಾಲು ಉಕ್ಕಿತು. ಒಂದು ಕಣ್ಣು ಟೀವಿ ಮೇಲೆ, ಒಂದು ಕಣ್ಣು ಒಲೆ ಮೇಲೆ ಇಟ್ಟರೆ ಇನ್ನೇನಾಗುತ್ತದೆ. ಒರೆಸಿದೆ. ಉಳಿದದ್ದರಲ್ಲಿ ಟೀ ಮಾಡಿ, ನಿಂತೇ ಕುಡಿದು ಓಡಿದೆ.

ಆಫೀಸಿಗೆ ಪೂರ್ತಿ ಕಾಲಿಟ್ಟಿರಲಿಲ್ಲ, ಚೀಫ್ ಶುರು ಹಚ್ಚಿಕೊಂಡರು. "ಮೇಡಂ, ಹನ್ನೊಂದು ಜನ ಬಂಡಾಯ ಶಾಸಕರು ಹೋಟೆಲ್ ಬಿಟ್ರಂತೆ. ಓಡಿಸಿ." ಓಡಿಸಿದೆ. ನ್ಯೂಸ್ ಚಾನೆಲ್ಲಿನಲ್ಲಿ ಪರದೆಯ ಅಡಿಯಲ್ಲಿ ಓಡುವ ಸಾಲು ಬರೆಯುವುದಕ್ಕೇ ಒಬ್ಬಳು ಇದ್ದಾಳೆ ಅಂತ ನೋಡುವವರಿಗೆ ಹೊಳೆಯುವುದೂ ಇಲ್ಲ. ನಲ್ಲಿಯಲ್ಲಿ ನೀರು ಬಂದ ಹಾಗೆ ಅದು ತಾನಾಗಿ ಬರುತ್ತದೆ ಅಂದುಕೊಂಡಿರಬೇಕು. ಹತ್ತು ನಿಮಿಷಕ್ಕೆ ಹನ್ನೊಂದು ಒಂಬತ್ತಾಯಿತು. ಆಮೇಲೆ ಹದಿಮೂರು. ಕೊನೆಗೆ ನೋಡಿದರೆ ಹೋಟೆಲ್ ಬಿಟ್ಟದ್ದು ಟೂರಿಗೆ ಬಂದಿದ್ದ ಯಾವುದೋ ಬ್ಯಾಂಕಿನ ನೌಕರರು.

"ಕೆಲವೇ ಕ್ಷಣಗಳಲ್ಲಿ ಮಹತ್ವದ ನಿರ್ಧಾರ" ಅಂತ ಶುಕ್ರವಾರ ಹಾಕಿದ್ದು ಇನ್ನೂ ಓಡುತ್ತಿದೆ. ತೆಗೆಯಲಾ ಅಂತ ಕೇಳಿದೆ. "ಇರ್ಲಿ ಬಿಡಿ ಮೇಡಂ, ಸುಳ್ಳೇನಲ್ವಲ್ಲ" ಅಂದರು ಚೀಫ್.

ನಿನ್ನೆ ಊರಿಂದ ಅಕ್ಕನ ಫೋನು ಬಂದದ್ದು ಬರೆಯುವುದು ಬಿಟ್ಟುಹೋಗಿತ್ತು. ಭಾನುವಾರ ತಪ್ಪದೆ ಮಾಡುತ್ತಾಳೆ. ಆಫೀಸಿನದಲ್ಲದ ಫೋನು ಅಂದರೆ ವಾರಕ್ಕೆ ಅದೊಂದೇ. ಪಾಪ, ಬಲಗಿವಿ ಹೋಗಿ ವರ್ಷಗಳಾದವು, ಈಗ ಎಡಗಿವಿಯೂ ಕೈಕೊಡುತ್ತಿದೆ. ನರದ ತೊಂದರೆಯಂತೆ, ಮಾಡುವುದೇನೂ ಇಲ್ಲವಂತೆ. ಕಿವಿಗೆ ಹಾಕಿಕೊಳ್ಳುವ ಮೆಷಿನ್ ಕೊಡಿಸಿದ್ದೆ. ಅದರಲ್ಲಿ ತನ್ನ ಹೊಲಿಗೆ ಮೆಷಿನ್ನಿನ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ ಅಂತ ಗುಂಡಿ ಡಬ್ಬದಲ್ಲಿ ಹಾಕಿಟ್ಟಿದ್ದಾಳೆ.

"ಊಟ ಆಯ್ತಾ ಅಕ್ಕ?"

"ಆಟೋನಾ? ಯಾವ ಆಟೋ?"

"ಊಟ! ಊಟ!"

"ಹಂಗ್ಯಾಕೆ ಕಿರುಚ್ತೀಯೇ, ಇರೋ ಕಿವಿನೂ ಹೋಗುತ್ತೆ."

ನಕ್ಕೆವು. ಆಮೇಲೆ, "ಪುಟ್ಟೀ, ನಿಂಗೆ ಈ ವಾರ ಬಿಡುವಿದ್ಯಾ?" ಅಂದಳು.

"ಎಲ್ಲಿ ಬಿಡುವಕ್ಕ, ತುಂಬಾ ಬ್ಯುಸಿ. ಸರ್ಕಾರ ಬೀಳೋ ಹಾಗಿದೆ. ಈ ಗಲಾಟೆ ಮುಗೀಲಿ, ನಾನೇ ಬರ್ತೀನಿ."

ಅವಳಿಗೆ ಎಷ್ಟು ಕೇಳಿಸಿತೋ. "ಆಯ್ತು. ಬರ್ತೀನಿ" ಅಂದಳು. ಇಟ್ಟಳು. ಅವಳು ಫೋನಿನಲ್ಲಿ "ಇಡ್ತೀನಿ" ಅನ್ನುವುದಿಲ್ಲ. ಎದುರಿಗೆ ಕೂತಿದ್ದವಳು ಎದ್ದು ಹೊರಟ ಹಾಗೆ ಪ್ರತಿ ವಾರವೂ "ಬರ್ತೀನಿ."

ಮಾರ್ಚ್ 4, ಮಂಗಳವಾರ. ಸಂಜೆ

ನಿನ್ನೆ ಬಾಗಿಲು ಹಾಕಿಕೊಂಡಾಗಿನಿಂದ ಇವತ್ತು ಬೆಳಿಗ್ಗೆಯವರೆಗೆ ಬಾಯಿ ತೆರೆದದ್ದು ಆಕಳಿಕೆಗೆ ಮಾತ್ರ. ಲಿಫ್ಟಿನಲ್ಲಿ ಯಾರೋ ಎಷ್ಟನೇ ಮಹಡಿ ಅಂತ ಕೇಳಿದರೆ ದನಿ ಹೊರಡಲಿಲ್ಲ. ಕೆಮ್ಮಿ ಹೇಳಬೇಕಾಯಿತು.

ಬಹುಮತ ಸಾಬೀತು ನಾಳೆ ಅಂತಿದ್ದದ್ದು ಶುಕ್ರವಾರಕ್ಕೆ ಹೋಯಿತು. ನಮ್ಮ ಆ್ಯಂಕರ್ — ನಾವೆಲ್ಲ ಗುಡುಗು ಅನ್ನುತ್ತೇವೆ, ಎದುರಿಗಲ್ಲ — ನಾಲ್ಕು ಜನರನ್ನು ಕೂರಿಸಿಕೊಂಡು ಒಬ್ಬರಿಗೂ ಮಾತಾಡಲು ಬಿಡಲಿಲ್ಲ. ಮೇಲೆ ಅವರ ಗಲಾಟೆ. ಕೆಳಗೆ ನನ್ನ ಸಾಲು ಸದ್ದಿಲ್ಲದೆ ಓಡುತ್ತದೆ. ಎಲ್ಲೋ ದೂರದ ದೇಶದ ಯುದ್ಧದಲ್ಲಿ ಸತ್ತವರ ಲೆಕ್ಕವೂ ಅದರಲ್ಲೇ. ಲೆಕ್ಕ ಬದಲಾದಾಗ ಇಡೀ ಸಾಲು ಮತ್ತೆ ಬರೆಯುವುದಿಲ್ಲ, ಕೊನೆಯ ಅಂಕಿ ತಿದ್ದಿದರಾಯಿತು. ಇವತ್ತು ಏಳನ್ನು ಎಂಟು ಮಾಡಿದೆ. ಆ ಒಬ್ಬರು ಯಾರೋ. ಮನೆಯಲ್ಲಿ ಏನೆಂದು ಕರೆಯುತ್ತಿದ್ದರೋ. ತಿದ್ದಿ ಮುಗಿಸಿ ಬಿಸ್ಕತ್ತು ತಿಂದೆ. ಹಸಿವಾಗಿತ್ತು. ಏನು ಮಾಡಲಿ.

ರಾತ್ರಿಗೆ ಬ್ರೆಡ್ಡು, ಮೊಟ್ಟೆ. ನಿನ್ನೆಯೂ ಅದೇ. ಒಬ್ಬಳಿಗೆ ಅಂತ ಅಡುಗೆ ಮಾಡಲು ಮನಸ್ಸಾಗುವುದಿಲ್ಲ.

ಮಾರ್ಚ್ 5, ಬುಧವಾರ

ಕ್ಯಾಂಟೀನಿನಲ್ಲಿ ಹೊಸದಾಗಿ ಸೇರಿದ ಮೇಕಪ್‌ನವಳು ಎದುರಿಗೆ ಬಂದು ಕೂತಳು. "ಮೇಡಂ, ನಿಮಗೆ ಮನೇಲಿ ಯಾರ್ ಯಾರಿದಾರೆ?" ಅಂದಳು. "ತುಂಬಾ ಬ್ಯುಸಿಯಮ್ಮ ಈ ವಾರ" ಅಂದೆ. ಅವಳು ಕೇಳಿದ್ದೇನು, ನಾನು ಹೇಳಿದ್ದೇನು! ಪಾಪ, ಹೌದೌದು ಅಂತ ತಲೆಯಾಡಿಸಿದಳು. ಬ್ಯುಸಿ ಅಂದರೆ ಯಾರೂ ಮುಂದಕ್ಕೆ ಕೇಳುವುದಿಲ್ಲ. ಮದುವೆ ನನಗೆ ಒಗ್ಗಲಿಲ್ಲ, ಎರಡು ವರ್ಷಕ್ಕೆ ಅವನ ದಾರಿ ಅವನಿಗೆ ನನ್ನ ದಾರಿ ನನಗೆ ಆಯಿತು ಅಂತ ಊಟದ ನಡುವೆ ಎಲ್ಲಿಂದ ಶುರು ಮಾಡಲಿ.

ಒಂದೊಂದು ಸಲ ಅನ್ನಿಸುತ್ತದೆ, ನಿಜವಾಗಿ ಬಿಡುವು ಸಿಕ್ಕರೆ ಏನು ಮಾಡುತ್ತೇನೆ? ಕಳೆದ ವಾರದ ರಜೆಯಲ್ಲಿ ಮಧ್ಯಾಹ್ನ ಮಲಗಿ ಎದ್ದು, ಕಿಟಕಿಯಲ್ಲಿ ನಿಂತು, ಎದುರಿನ ಕಟ್ಟಡಕ್ಕೆ ಬಣ್ಣ ಹೊಡೆಯುವುದನ್ನು ನೋಡಿದೆ. ಸಂಜೆಗೆ ಆಫೀಸಿಗೆ ಫೋನ್ ಮಾಡಿ ಏನಾದರೂ ಬೇಕಿತ್ತಾ ಅಂತ ಕೇಳಿದೆ. ಬೇಕಿರಲಿಲ್ಲ.

ನಾಳೆಯಿಂದ ಡಬಲ್ ಶಿಫ್ಟ್. ಹಲ್ಲುಜ್ಜುವ ಬ್ರಷ್ಷು, ಎರಡು ಜೊತೆ ಬಟ್ಟೆ ಬ್ಯಾಗಿಗೆ ಹಾಕಿದೆ.

ಮಾರ್ಚ್ 8, ಶನಿವಾರ

ಬಂದಾಗಿನಿಂದ ಬ್ಯಾಗ್ ಬಿಚ್ಚಿಲ್ಲ. ಬ್ರಷ್ಷೂ ಅದರಲ್ಲೇ ಇದೆ.

ಎರಡು ರಾತ್ರಿ ಎಡಿಟಿಂಗ್ ರೂಮಿನ ಸೋಫಾದಲ್ಲೇ ಮಲಗಿ ಬೆಳಿಗ್ಗೆ ಮನೆಗೆ ಬಂದೆ. ಸದನ ಮತ್ತೆ ಮುಂದಕ್ಕೆ, ಗುರುವಾರಕ್ಕೆ. ಬೀಗ ತೆಗೆಯುತ್ತಿದ್ದೆ. ಎದುರುಮನೆಯವರು ಬಾಗಿಲು ತೆರೆದರು. ರೈಲ್ವೆಯಲ್ಲಿ ಗಾರ್ಡ್ ಆಗಿ ರಿಟೈರ್ ಆದವರು, ಒಬ್ಬರೇ ಇದ್ದಾರೆ. ನಾಲ್ಕು ವರ್ಷದಿಂದ ಎದುರುಬದುರು. ಕಂಡಾಗ ನಗುವುದು, ಅಷ್ಟೇ.

"ಏನಮ್ಮಾ, ಒಂದ್ನಿಮಿಷ. ನಿಮ್ಮಕ್ಕ ಬಂದಿದ್ರು."

"ನಮ್ಮಕ್ಕನಾ? ಯಾವಾಗ ಸರ್?"

"ನಿನ್ನೆ ಬೆಳಿಗ್ಗೆ. ಮೆಟ್ಟಿಲ ಮೇಲೆ ಚೀಲ ಇಟ್ಕೊಂಡು ಕೂತಿದ್ರು. ಯಾರಮ್ಮ ಅಂದೆ, ಕೇಳಿಸ್ಲಿಲ್ಲ. ನಾನೂ ರೈಲಿನ ಸದ್ದಲ್ಲೇ ಜೀವ ತೇದೋನು, ಜೋರಾಗೇ ಕೇಳ್ದೆ. ಕೆಳಗಿನ ಮನೆಯೋರು ಏನಾಯ್ತೋ ಅಂತ ಓಡಿ ಬಂದ್ರು. ಇವರಿಗೆ ಮಾತ್ರ ಇನ್ನೂ ಕೇಳಿಸ್ಲಿಲ್ಲ."

ಒಳಗೆ ಕರೆದು ಕೂರಿಸಿದರಂತೆ. ಮಾತೆಲ್ಲ ಅಕ್ಕನದೇ, ಇವರು ತಲೆ ಆಡಿಸಿದ್ದಷ್ಟೇ. ಟೀವಿ ಹಾಕಿ ಅಂದಳಂತೆ, ಸೌಂಡ್ ಬೇಡ, ಓದಿಕೊಳ್ಳುತ್ತೇನೆ ಅಂದಳಂತೆ.

"ಕೆಳಗೆ ಓಡುತ್ತಲ್ಲ, ಅದನ್ನೇ ನೋಡ್ತಾ ಕೂತ್ರು. 'ಇದು ನನ್ನ ತಂಗಿ ಬರೆಯೋದು' ಅಂದ್ರು. ಸ್ವಲ್ಪ ಹೊತ್ತಾದ್ಮೇಲೆ, 'ಇದು ಅವಳದ್ದಲ್ಲ, ಒತ್ತಕ್ಷರ ತಪ್ಪಿದೆ, ಟೀಗೆ ಎದ್ದು ಹೋಗಿರ್ಬೇಕು' ಅಂದ್ರು. ನೀವು ಟೀವಿಯೋರು ಅಂತ ನಂಗೆ ಗೊತ್ತೇ ಇರಲಿಲ್ಲ ನೋಡಿ."

"ಸರ್, ನಂಗೊಂದು ಫೋನ್ ಮಾಡಬಹುದಿತ್ತಲ್ಲ..."

"ನಿಮ್ಮ ನಂಬರ್ ನನ್ನ ಹತ್ರ ಎಲ್ಲಿದೆ? ಅವರ ಫೋನಿಂದಲೇ ಎರಡು ಸಲ ಮಾಡ್ದೆ. ನೀವು ಎತ್ತಲಿಲ್ಲ."

ಮಾಡಿದ್ದು ಹೌದು. ನೋಡಿದ್ದೆ. ಇವತ್ತು ಭಾನುವಾರ ಅಲ್ಲವಲ್ಲ, ಕೈ ತಾಗಿ ಬಂದಿರಬೇಕು ಅಂದುಕೊಂಡು ಫೋನ್ ಮಗುಚಿ ಇಟ್ಟಿದ್ದೆ. ಆಗ ಸದನದಲ್ಲಿ ಯಾರೋ ಯಾರ ಮೇಲೋ ಕಾಗದ ಎಸೆದಿದ್ದರು. ಅದನ್ನು ಬರೆಯುತ್ತಿದ್ದೆ.

"ಇದ್ದಕ್ಕಿದ್ದ ಹಾಗೆ ಯಾಕೆ ಬಂದಳು?" ಅಂದೆ.

"ಇದ್ದಕ್ಕಿದ್ದ ಹಾಗೆ ಏನಲ್ಲ. 'ಫೋನಲ್ಲಿ ಬರ್ತೀನಿ ಅಂತ ಹೇಳಿದ್ದೆ, ಮರೆತುಬಿಟ್ಲು' ಅಂದ್ರು." ಗಾರ್ಡ್ ನನ್ನ ಮುಖ ನೋಡಲಿಲ್ಲ, ಚಿಲಕವನ್ನು ಹಿಂದೆ ಮುಂದೆ ಆಡಿಸುತ್ತಿದ್ದರು. "ಕಿವಿ ಪೂರ್ತಿ ನಿಂತುಹೋಗಿದೆಯಂತಮ್ಮ. ಹೊಲಿಗೆ ಅಂಗಡಿ ಮುಚ್ತಾರಂತೆ. ಗಿರಾಕಿ ಹೇಳೋ ಅಳತೆ ಕೇಳಿಸಲ್ಲವಲ್ಲ. ತೀರಿಹೋದ ಯಜಮಾನರ ತಂಗಿ ಇದಾರಲ್ಲ, ಆ ನಾದಿನಿ ತಮ್ಮಲ್ಲಿಗೇ ಕರೀತಿದಾರಂತೆ, ಹದಿನಾರಕ್ಕೆ ಭಾನುವಾರ ರೈಲಂತೆ, ಸ್ಟೇಷನ್ನಿಗೆ ಹೋಗೋಕೆ ವ್ಯಾನ್ ಕಳಿಸ್ತಾರಂತೆ. ಅದಕ್ಕೆ ಮೊದಲು ನಿಮ್ಮನ್ನ ಒಂದು ಮಾತು ಕೇಳೋಣ ಅಂತ ಬಂದಿದ್ರು."

"ಏನು ಕೇಳೋಕೆ?"

"ನಿಮ್ಮ ಜೊತೆಗೇ ಇದ್ದುಬಿಡಬಹುದಾ ಅಂತ."

ಸಂಜೆವರೆಗೆ ಕಾದಳಂತೆ. ಆಮೇಲೆ ಎದ್ದು ಸೀರೆ ಸರಿಮಾಡಿಕೊಂಡು, "ಉಸಿರಾಡೋಕೂ ಪುರುಸೊತ್ತಿಲ್ಲ ನನ್ನ ತಂಗಿಗೆ. ನಾನ್ಯಾಕೆ ಅವಳಿಗೆ ಇನ್ನೊಂದು ಕೆಲಸ ಆಗ್ಲಿ" ಅಂದಳಂತೆ. ಬಸ್ ಸ್ಟ್ಯಾಂಡಿನವರೆಗೆ ಗಾರ್ಡೇ ಹೋಗಿ ಹತ್ತಿಸಿ ಬಂದಿದ್ದಾರೆ.

ಮೂರು ವರ್ಷದಿಂದ ಪ್ರತಿ ಭಾನುವಾರ ನಾನು ಬರ್ತೀನಿ ಬರ್ತೀನಿ ಅನ್ನುತ್ತಲೇ ಇದ್ದೇನೆ. ಹೋಗಿಲ್ಲ. ಅವಳು ಬಂದೇಬಿಟ್ಟಳು. ನಾನು ಬೀಗ ಹಾಕಿಕೊಂಡು ಹೋಗಿದ್ದೆ.

ಅಳು ಬಂತು. ಅತ್ತೆ. ಬರೆಯಲು ನಾಚಿಕೆ ಏನು.

ಮಾರ್ಚ್ 9, ಭಾನುವಾರ

ಅವಳು ಫೋನ್ ಮಾಡುವ ಹೊತ್ತಿಗೆ ಸರಿಯಾಗಿ ಸ್ನಾನ ಮುಗಿಸಿ, ಫೋನನ್ನು ಎದುರಿಗಿಟ್ಟುಕೊಂಡು ಕೂತೆ. ಬರಲಿಲ್ಲ. ಕಾದೆ. ಟೀವಿ ಹಾಕಲಿಲ್ಲ. ಮನೆ ಎಷ್ಟು ನಿಶ್ಶಬ್ದ ಅಂದರೆ ಫ್ರಿಜ್ಜು ನಿಂತದ್ದೂ ಮತ್ತೆ ಶುರುವಾದದ್ದೂ ಗೊತ್ತಾಗುತ್ತಿತ್ತು.

ಕೊನೆಗೆ ನಾನೇ ಮಾಡಿದೆ. ಫೋನು ಅದುರಿದ್ದು ಕಂಡಿರಬೇಕು, ಎತ್ತಿದಳು. ಹಿಂದೆ ಹೊಲಿಗೆ ಮೆಷಿನ್ನು ಟಕಟಕ ಅಂದು ನಿಂತಿತು.

"ಹಲೋ? ಯಾರು?"

"ಅಕ್ಕ, ನಾನು. ಪುಟ್ಟಿ."

"ಯಾರು ಮಾತಾಡ್ತಿರೋದು?"

"ಪುಟ್ಟಿ ಅಕ್ಕ! ಪುಟ್ಟಿ!" ಕಿರುಚಿದೆ. ಎದುರುಮನೆಗೂ ಕೇಳಿಸಿರಬೇಕು. ಕೇಳಿಸಲಿ.

"ಯಾರೋ ಗೊತ್ತಾಗ್ತಿಲ್ಲ. ನಂಗೆ ಕಿವಿ ಕೇಳಿಸಲ್ಲ, ಬೇಜಾರ್ ಮಾಡ್ಕೋಬೇಡಿ. ಇಡ್ತೀನಿ."

ಇಡ್ತೀನಿ ಅಂದಳು. ನನಗೆ. ಬೇಜಾರ್ ಮಾಡ್ಕೋಬೇಡಿ ಅಂತ ಬಹುವಚನ ಬೇರೆ. ಗುರುತಿಲ್ಲದವರಿಗೆ ಎಲ್ಲರ ಹಾಗೆ ಇಡ್ತೀನಿ ಅನ್ನುತ್ತಾಳೆ ಅಂತ ಇವತ್ತು ಗೊತ್ತಾಯಿತು. ನನ್ನ ನಂಬರ್ ತೆರೆಯ ಮೇಲೆ ಬಂದಿರಬೇಕಲ್ಲ, ಕನ್ನಡಕ ಹಾಕಿರಲಿಲ್ಲವೋ ಏನೋ. ಅಥವಾ ನೋಡಿಯೂ... ಇಲ್ಲ, ಅಕ್ಕ ಹಾಗೆ ಮಾಡುವವಳಲ್ಲ.

ನನಗೆ ಆರು ವರ್ಷವಿದ್ದಾಗ ಅಮ್ಮ ಆಸ್ಪತ್ರೆ ಸೇರಿದಳು, ಹದಿನೆಂಟರ ಅಕ್ಕ ನನಗೆ ಜಡೆ ಹಾಕಲು ಶುರು ಮಾಡಿದಳು. ಬಿಗಿಯಾಗಿ ಹಾಕುತ್ತಿದ್ದಳು, ಕಣ್ಣು ಮೇಲಕ್ಕೆ ಎಳೆದ ಹಾಗಾಗುತ್ತಿತ್ತು. ಮಧ್ಯಾಹ್ನವೆಲ್ಲ ಅದೇ ನೆನಪು.

ಹಿಂದಿನ ಸಣ್ಣ ಕೋಣೆಯ ಬಾಗಿಲು ತೆಗೆದೆ. ಅಲ್ಲಿ ಬಟ್ಟೆ ಒಣಗಿಸುತ್ತೇನೆ, ಕೆಟ್ಟ ಫ್ಯಾನು, ಹಳೆ ಪೇಪರು ತುರುಕಿದ್ದೇನೆ. ಪೇಪರು ಹೊರಗೆ ಹಾಕಿದೆ. ಕಿಟಕಿ ತೆರೆಯಲು ಬರಲಿಲ್ಲ, ಬಣ್ಣ ಅಂಟಿಕೊಂಡಿತ್ತು. ಗಾರ್ಡ್ ಬಂದು ಚಾಕುವಿನಿಂದ ಕೆರೆದು ತೆರೆದುಕೊಟ್ಟರು. ನಂಬರನ್ನೂ ಬರೆದುಕೊಂಡರು.

ಮಾರ್ಚ್ 11, ಮಂಗಳವಾರ

ಒಂದು ಮಾತು ತಲುಪಿಸಲು ಆಗುತ್ತಿಲ್ಲ. ದಿನಕ್ಕೆ ಲಕ್ಷಾಂತರ ಜನರ ಮನೆಗೆ ಸಾಲು ಓಡಿಸುವವಳು ನಾನು!

ಮೆಸೇಜ್ ಹಾಕಿದೆ. ಅವಳದು ಬಟನ್ ಫೋನು, ಅದರಲ್ಲಿ ಕನ್ನಡ ಬರೀ ಚೌಕ ಚೌಕವಾಗಿ ಕಾಣುತ್ತದೆ ಅಂತ ಕಳಿಸಿದ ಮೇಲೆ ನೆನಪಾಯಿತು. ಇಂಗ್ಲಿಷ್ ಅಕ್ಷರ ಅವಳಿಗೆ ಬಾರದು.

ಅಂಗಡಿಯ ಪಕ್ಕದ ಔಷಧಿ ಅಂಗಡಿಯವರ ನಂಬರ್ ಹುಡುಕಿ ಫೋನ್ ಮಾಡಿದೆ. ತುಂಬಾ ಒಳ್ಳೆಯವರು. "ಒಂದು ರಟ್ಟಿನ ಮೇಲೆ ಬರೆದು ತೋರಿಸ್ತೀನಿ, ಲೈನಲ್ಲೇ ಇರಿ ಮೇಡಂ" ಅಂದರು. ಮತ್ತೆ ಬಂದರು.

"ನಿಮ್ಮ ತಂಗಿ ಮಾತಾಡಬೇಕಂತೆ ಅಂತ ಬರೆದು ತೋರಿಸ್ದೆ ಮೇಡಂ. ಓದಿದ್ರು."

"ಏನಂದ್ರು?"

"ಅದೂ... 'ತುಂಬಾ ಬ್ಯುಸಿ ಇದೀನಿ ಅಂತ ಹೇಳಿ' ಅಂದ್ರು."

ಅವರಿಗೆ ಥ್ಯಾಂಕ್ಸ್ ಹೇಳಿದೆ. ಒಂದು ನಿಮಿಷ ನಗುವೂ ಬಂತು. ನನ್ನ ಮಾತನ್ನು ಒಂದಕ್ಷರ ಬಿಡದೆ ನನಗೇ ಕೊಟ್ಟಿದ್ದಾಳೆ. ಸಿಟ್ಟು ಬಂದಿದೆ ಅವಳಿಗೆ. ಬರಲಿ. ನಾದಿನಿಯ ಮನೆ ಎರಡು ದಿನದ ರೈಲಿನ ದಾರಿ. ಅಲ್ಲಿಗೆ ಹೋದಳೆಂದರೆ, ಫೋನೂ ಇಲ್ಲ ಅಂದರೆ, ಆಯಿತಲ್ಲ. ನನಗೆ ಅಂತ ಈ ಲೋಕದಲ್ಲಿ ಯಾರೂ ಇರುವುದಿಲ್ಲ. ಇದನ್ನು ಇಷ್ಟು ನೇರವಾಗಿ ಈವರೆಗೆ ಬರೆದಿರಲಿಲ್ಲ. ಬರೆದಮೇಲೆ ಎದ್ದು ಮುಖ ತೊಳೆದುಕೊಂಡು ಬಂದೆ.

ಚೀಫ್ ಹತ್ತಿರ ರಜೆ ಕೇಳಿದೆ.

"ಈಗ್ಲಾ ಮೇಡಂ? ಗುರುವಾರ ಬಹುಮತ! ಮದುವೆ ಮನೇಲಿ ಅಡುಗೆಯೋರೇ ಎದ್ದು ಹೋದ ಹಾಗಾಗುತ್ತೆ. ಏನಾದ್ರೂ ಸೀರಿಯಸ್ಸಾ?"

"ಅಕ್ಕನ್ನ ನೋಡಬೇಕಿತ್ತು."

"ಹುಷಾರಾಗಿದಾರೆ ತಾನೆ?"

"ಹುಷಾರಾಗಿದ್ದಾಳೆ."

"ಹಂಗಿದ್ರೆ ಮುಂದಿನ ವಾರ ಆರಾಮಾಗಿ ಹೋಗಿ ಬನ್ನಿ."

ಸತ್ತಿದ್ದರೆ ರಜೆ ಸಿಗುತ್ತಿತ್ತು. ಬದುಕಿರುವ ಅಕ್ಕನನ್ನು ನೋಡಲು ಯಾವ ಕಾರಣವೂ ಸಾಲದು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕೈ ತುರಿಸಿತು. ಅವಳು ಈಗ ಟೀವಿ ಹಾಕಿಕೊಂಡು ಕೂತಿರುತ್ತಾಳೆ, ಸದ್ದಿಲ್ಲದೆ ನನ್ನದನ್ನೇ ಓದುತ್ತಿರುತ್ತಾಳೆ. ಇಲ್ಲಿಂದಲೇ ಒಂದು ಸಾಲು. ಬೆಳೆ ವಿಮೆಗೂ ಹವಾಮಾನಕ್ಕೂ ನಡುವೆ. ಟೈಪ್ ಮಾಡಿಯೇ ಬಿಟ್ಟೆ — "ಅಕ್ಕ, ಹೋಗಬೇಡ, ನಾನೇ ಬರ್ತೀನಿ." ಬೆರಳು ಎಂಟರ್ ಮೇಲಿತ್ತು. ಓದಿ ನೋಡಿದೆ. ಇದನ್ನು ಅವಳು ನಂಬುತ್ತಾಳಾ? ಮೂರು ವರ್ಷ ಕೇಳಿದ ಮಾತೇ ಇದು. ನಾನೇ ಆಗಿದ್ದರೂ ನಂಬುತ್ತಿರಲಿಲ್ಲ. ಅಳಿಸಿದೆ. ಆ ಜಾಗದಲ್ಲಿ ಈರುಳ್ಳಿ ಬೆಲೆ ಓಡಿಸಿದೆ.

ಮಾರ್ಚ್ 13, ಗುರುವಾರ. ಮಧ್ಯಾಹ್ನ, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ, ರಸ್ತೆ ಹಾಗಿದೆ.

ಬೆಳಿಗ್ಗೆ ಆಫೀಸಿಗೇ ಹೋದೆ. ಬಿಡುವ ಯೋಚನೆ ಇರಲಿಲ್ಲ, ನಿಜವಾಗಿಯೂ. ಸದನ ಶುರುವಾಯಿತು. ಗುಡುಗು ಗುಡುಗಿತು. ಚೀಫ್ ನನ್ನ ಕುರ್ಚಿಯ ಹಿಂದೆ ನಿಂತು, "ಹಾಕಿ ಮೇಡಂ, ಕೆಲವೇ ಕ್ಷಣಗಳಲ್ಲಿ" ಅಂದರು. "ಕೆಲವೇ" ಅಂತ ಟೈಪ್ ಮಾಡಿದೆ. ಮುಂದಿನದು ಬೆರಳಿಗೆ ಬರಲಿಲ್ಲ. ಭಾನುವಾರ ಅಂದರೆ ನಾಡಿದ್ದಿನ ಆಚೆಗೆ. ವ್ಯಾನ್ ಬರುತ್ತದೆ. ಅವಳು ಮೆಷಿನ್ ಏರಿಸುತ್ತಾಳೆ, ಚೀಲ ಏರಿಸುತ್ತಾಳೆ, ತಾನೂ ಏರುತ್ತಾಳೆ. ನಾನಿಲ್ಲಿ ಯಾರದೋ ರಾಜೀನಾಮೆಗೆ ದೀರ್ಘ ಸರಿಯಾಗಿದೆಯಾ ಅಂತ ನೋಡುತ್ತಿರುತ್ತೇನೆ.

ಬ್ಯಾಗ್ ತೆಗೆದುಕೊಂಡು ಎದ್ದೆ.

"ಬರ್ತೀನಿ ಸರ್" ಅಂದೆ.

"ಟೀಗಾ? ಬೇಗ ಬನ್ನಿ" ಅಂದರು, ಪರದೆಯಿಂದ ಕಣ್ಣು ತೆಗೆಯದೆ.

ಸುಳ್ಳು ಹೇಳಲಿಲ್ಲ ನಾನು. ಹೊರಡುವವರು ಹೇಳುವುದನ್ನೇ ಹೇಳಿದೆ.

ಈಗ ಫೋನಿನ ಮೇಲೆ ಫೋನು. ಮೇಕಪ್‌ನವಳ ಮೆಸೇಜು ಮಾತ್ರ ಬೇರೆ ಥರ — "ಮೇಡಂ ಹುಷಾರಾಗಿದೀರಾ?" ಅವಳಿಗೊಬ್ಬಳಿಗೆ ಉತ್ತರ ಹಾಕಿದೆ. ಅಕ್ಕನನ್ನು ನೋಡಲು ಹೊರಟಿದ್ದೇನೆ, ಮನೆಯಲ್ಲಿ ಯಾರ್ ಯಾರಿದಾರೆ ಅಂತ ಕೇಳಿದ್ದೆಯಲ್ಲ, ಅವಳೇ, ಅಂತ.

ಸಂಜೆ, ಅದೇ ಬಸ್ಸು

ಹಿಂದಿನ ಸೀಟಿನಲ್ಲಿ ಇಬ್ಬರು ಗಂಡಸರು. "ಬಿದ್ದೇ ಹೋಯ್ತು ನೋಡು ಸರ್ಕಾರ!" "ಬೀಳ್ಲಿ ಬಿಡು ಅತ್ಲಾಗೆ, ಈ ಬಸ್ಸು ಬೀಳದಿದ್ರೆ ಸಾಕು." ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಎಷ್ಟೋ ದಿನದಿಂದ ಇದಕ್ಕೇ ಊಟ ನಿದ್ದೆ ಬಿಟ್ಟು ಕಾದದ್ದು. ಬಿದ್ದ ಸುದ್ದಿ ಬಿಸ್ಕತ್ತು ಮೆಲ್ಲುತ್ತಾ ಕೇಳಿದೆ.

ಮಧ್ಯದ ಒಂದು ಸ್ಟಾಪಿನ ಟೀ ಅಂಗಡಿಯಲ್ಲಿ ಟೀವಿ ಇತ್ತು. ನಮ್ಮ ಚಾನೆಲ್ಲೇ. "ಸರ್ಕಾರ ಪತನ" ದಪ್ಪಕ್ಷರದಲ್ಲಿ. ಕೆಳಗಿನ ಸಾಲಿನಲ್ಲಿ ಮುಖ್ಯಮಂತ್ರಿಯ ಖ್ಯ ತಪ್ಪಾಗಿತ್ತು. ಅಕ್ಕ ನೋಡುತ್ತಿದ್ದರೆ ನಾನು ಕುರ್ಚಿಯಲ್ಲಿಲ್ಲ ಅಂತ ಗೊತ್ತಾಗಿರಬೇಕು.

ಏನು ಹೇಳಲಿ ಅವಳಿಗೆ? ಸಾರಿ ಅಂತಲಾ? ನೋಡಿಕೊಳ್ಳುತ್ತೇನೆ ಬಾ ಅಂತಲಾ? ನನ್ನನ್ನೇ ನೋಡಿಕೊಳ್ಳಲು ಬರುವುದಿಲ್ಲ ನನಗೆ. ಬೇಡ ಕಣೇ, ಹೋಗು ಅಂದುಬಿಟ್ಟರೆ? ಹೆದರಿ ಹೆದರಿ ಇಷ್ಟು ದಿನ ತಳ್ಳಿದೆನೋ ಏನೋ. ಬ್ಯುಸಿ ಅನ್ನುವುದು ಸುಲಭ. ಹೆದರಿಕೆ ಅನ್ನುವುದಕ್ಕೆ ಬಾಯಿ ಬರುವುದಿಲ್ಲ.

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ, ಅಕ್ಕನ ಅಂಗಡಿ

ನಿನ್ನೆ ಬಂದು ಇಳಿದಾಗ ದೀಪ ಹತ್ತುವ ಹೊತ್ತು. ಷಟರ್ ಅರ್ಧ ಎಳೆದಿತ್ತು. ಬಗ್ಗಿ ಒಳಗೆ ಹೋದೆ. ಬೆನ್ನು ಬಾಗಿಲಿಗೆ ಹಾಕಿ ಹೊಲಿಯುತ್ತಿದ್ದಳು. ಯಾವುದೋ ಶಾಲೆಯ ಕೊನೆಯ ಯೂನಿಫಾರಮ್ಮುಗಳು. ಅಕ್ಕ ಅಂದೆ. ಮತ್ತೆ ಅಂದೆ. ಕೂದಲು ಎಷ್ಟೊಂದು ಬಿಳಿಯಾಗಿದೆ, ಫೋನಿನಲ್ಲಿ ಗೊತ್ತಾಗಿರಲಿಲ್ಲ. ಹೆಗಲು ಮುಟ್ಟಲು ಹೆದರಿಕೆ. ಬೆಚ್ಚಿದರೆ ಸೂಜಿ ಬೆರಳಿಗೆ ಇಳಿಯುತ್ತದೆ. ದಾರ ಮುಗಿದು ಅವಳಾಗಿ ತಿರುಗುವವರೆಗೆ ಹಿಂದೆ ನಿಂತೇ ಇದ್ದೆ.

ತಿರುಗಿದಳು. ನೋಡಿದಳು.

"ಸರ್ಕಾರ ಬಿತ್ತಂತಲ್ಲೇ, ನೀನಿಲ್ಲೇನು ಮಾಡ್ತಿದ್ದೀಯ?" ಅಂದಳು.

ಊಟ ಹಾಕಿದಳು. ತಲೆಗೆ ಎಣ್ಣೆ ಇಲ್ಲ ಅಂತ ಬೈದಳು. ಹಾಸಿಗೆ ಹಾಸಿದಳು. ನಾನು ಮಾತು ತೆಗೆದಾಗಲೆಲ್ಲ ಮುಖ ಬೇರೆ ಕಡೆ ತಿರುಗಿಸಿಬಿಡುತ್ತಾಳೆ. ಕಿವಿ ಕೇಳಿಸದವರಿಗೆ ಇದೊಂದು ಅನುಕೂಲ, ನೋಡದಿದ್ದರೆ ಮುಗಿಯಿತು. ಬೆಳಿಗ್ಗೆಯಿಂದ ಗುಂಡಿ ಡಬ್ಬಗಳನ್ನು ಹಗ್ಗದಿಂದ ಕಟ್ಟುತ್ತಿದ್ದಾಳೆ. ಒಂದು ಮೆಷಿನ್ನಿಗೆ ಆಗಲೇ ಗೋಣಿ ಸುತ್ತಿದ್ದಾಳೆ.

ಕೈಗೆ ಸಿಕ್ಕ ಕಾಗದ ಇದೊಂದೇ. ಇದರಲ್ಲೇ ದಪ್ಪಗೆ ಬರೆದು ಅವಳ ಮುಖದ ಮುಂದೆ ಹಿಡಿಯುತ್ತೇನೆ. ಅವಳು ಬಾಯಲ್ಲೇ ಉತ್ತರ ಕೊಡಲಿ. ಇಲ್ಲಿಂದ ಕೆಳಗೆ ನಾನು ಅವಳಿಗೆ ಹೇಳಿದ್ದು.

ಅಕ್ಕ, ಕನ್ನಡಕ ಹಾಕ್ಕೋ.

ದಿನಚರಿ. ಹೂಂ, ಬರೀತೀನಿ. ಹಿಂದಿನ ಪುಟ ತಿರುಗಿಸಬೇಡ.

ತಿರುಗಿಸಬೇಡ ಅಂದ್ನಲ್ಲ!

ಅವತ್ತು ನೀನು ಬಂದು ಕಾದಿದ್ದು ಗೊತ್ತಾಯ್ತು. ಎದುರುಮನೆಯವರು ಹೇಳಿದ್ರು. ನೀನು ಏನು ಕೇಳೋಕೆ ಬಂದಿದ್ದೆ ಅಂತಲೂ ಹೇಳಿದ್ರು.

ಅವರನ್ನ ಬೈಬೇಡ. ನನ್ನನ್ನ ಬೈ.

ಫೋನಲ್ಲಿ ನೀನು ಬರ್ತೀನಿ ಅಂದಿದ್ದೆ, ನಿಜ. ಪ್ರತಿ ವಾರನೂ ಅಂತೀಯಲ್ಲ ಅಕ್ಕ. ಈ ಸಲ ನಿಜವಾಗಿ ಬರೋದು ಅಂತ ನಂಗೆ ಹೇಗೆ ಗೊತ್ತಾಗಬೇಕು?

ಸರಿ. ಗೊತ್ತಾಗಬೇಕಿತ್ತು.

ರಜಾ ಕೊಡಲಿಲ್ಲ. ಎದ್ದು ಬಂದೆ.

ಕೆಲಸ ಹೋಗಲ್ಲ, ಹೆದರಬೇಡ. ಒತ್ತಕ್ಷರ ಹಾಕೋರು ಅವರಿಗೆ ಬೇರೆ ಯಾರು ಸಿಗ್ತಾರೆ?

ನಿನ್ನೆ ಖ್ಯ ತಪ್ಪಾಗಿದ್ದು ನಾನೂ ನೋಡಿದೆ.

ನಿನ್ನ ನಾದಿನಿ ಒಳ್ಳೆಯವರೇ. ನಾನು ಇಲ್ಲ ಅಂದ್ನಾ? ಅಲ್ಲಿ ಮೊಮ್ಮಕ್ಕಳಿದಾರೆ, ಮನೆ ತುಂಬ ಜನ ಇದಾರೆ. ನನ್ನ ಹತ್ರ ಒಂದು ಸಣ್ಣ ಕೋಣೆ ಇದೆ. ನಾನೂ ಹೊತ್ತಿಗೆ ಸರಿಯಾಗಿ ಮನೇಲಿರಲ್ಲ. ಎಲ್ಲ ಗೊತ್ತು.

ಇಲ್ಲ, ಪಾಪ ಅಂತ ಕರೀತಿಲ್ಲ. ನೀನು ಕೆಲಸ ಆಗ್ತೀಯ ಅಂತ ಯಾರು ಹೇಳಿದ್ದು?

ನಿನ್ನನ್ನ ನೋಡ್ಕೋತೀನಿ ಅಂತಲೂ ಕರೀತಿಲ್ಲ. ಸುಳ್ಳು ಯಾಕೆ ಹೇಳ್ಲಿ.

ನನಗೋಸ್ಕರ.

ನೀನು ಸರಿಯಾಗೇ ಓದಿದೀಯ. ನನಗೋಸ್ಕರ ಬಾ ಅಂತ ಬರೆದಿದೀನಿ. ಮನೇಲಿ ನಾನು ಯಾರ ಹತ್ರನೂ ಮಾತಾಡಲ್ಲ ಅಕ್ಕ. ಬೆಳಿಗ್ಗೆ ಎದ್ರೆ ದನಿ ಬರಲ್ಲ. ನಿಂಗೆ ಕೇಳಿಸದಿದ್ರೂ ಪರವಾಗಿಲ್ಲ, ನೀನು ಎದುರಿಗಿದ್ರೆ ನಾನು ಮಾತಾಡ್ತೀನಿ.

ಏನಾದ್ರೂ ಹೇಳು.

ಅಕ್ಕ.

ಮುಖ ಈ ಕಡೆ ತಿರುಗಿಸು. ಆ ಹಗ್ಗ ಬಿಡು. ಬರ್ತೀನಿ ಅನ್ನು, ಇಲ್ಲಾ ಬರಲ್ಲ ಅನ್ನು, ಯಾವುದಾದ್ರೂ ಒಂದು

ಪೆನ್ನು ಯಾಕೆ ಕಿತ್ಕೋತೀಯ, ಬಾಯಲ್ಲೇ ಹೇಳಬಹುದಲ್ಲ, ನಂಗೆ ಕಿವಿ ಚೆನ್ನಾಗೇ ಕೇ